ಪ್ರಶ್ನೆ ಕೇಳಿದ ಹುಡುಗನಿಗೆ ಟೋಸ್ಟ್, ಪ್ರಶ್ನೆ ಕೇಳಿದ ಹುಡುಗಿಗೆ ಉಪವಾಸ

ಇಲ್ಲಿ ಇಂಗ್ಲೆಂಡಿನ ಯೂನಿವರ್ಸಿಟಿಗಳ ಕ್ರೈಸ್ತ ವಿದ್ಯಾರ್ಥಿಗಳು ನಡೆಸುವ ಒಂದು ಕಾರ್ಯಕ್ರಮ ಇದೆ. ಹೆಸರು ‘ಟೆಕ್ಸ್ಟ್ ಎ ಟೋಸ್ಟಿ’. ವರ್ಷದಲ್ಲಿ ಕೆಲವು ರಾತ್ರಿ ಅವರು ಒಂದು ಫೋನ್ ನಂಬರ್ ಕೊಡುತ್ತಾರೆ. ಹಾಸ್ಟೆಲ್‌ನಲ್ಲಿರುವ ಯಾರು ಬೇಕಾದರೂ ಆ ನಂಬರಿಗೆ ದೇವರ ಬಗ್ಗೆ, ಧರ್ಮದ ಬಗ್ಗೆ ಒಂದು ಪ್ರಶ್ನೆ ಕಳಿಸಬಹುದು. ಜೊತೆಗೆ ರೂಮ್ ನಂಬರು, ಬ್ರೆಡ್ ನಡುವೆ ಏನು ಹಾಕಬೇಕು ಅನ್ನೋದನ್ನೂ ಬರೆಯಬೇಕು. ಸ್ವಲ್ಪ ಹೊತ್ತಿಗೆ ಇಬ್ಬರು ಬಂದು ಬಾಗಿಲು ತಟ್ಟುತ್ತಾರೆ. ಕೈಯಲ್ಲಿ ಬಿಸಿ ಟೋಸ್ಟ್ ಇರುತ್ತದೆ. ಕೇಳಿದ್ದಕ್ಕೆ ತಮಗೆ ತೋಚಿದ ಉತ್ತರ ಹೇಳುತ್ತಾರೆ. ದುಡ್ಡು ಕೊಡಬೇಕಾಗಿಲ್ಲ. ಮಾತು ಬೇಡ ಅಂದರೆ ಟೋಸ್ಟ್ ಕೊಟ್ಟು ಹೋಗುತ್ತಾರೆ.

ನಾನಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಎರಡು ಯೂನಿವರ್ಸಿಟಿಗಳ ಊರು. ಸೆಪ್ಟೆಂಬರ್ ಕೊನೆ ಬಂತೆಂದರೆ ಲೆಂಟನ್ ಕಡೆಯ ಬೀದಿಗಳಲ್ಲಿ ಸೂಟ್‌ಕೇಸ್ ಎಳೆದುಕೊಂಡು ಹೋಗುವ ಮಕ್ಕಳೇ ಕಾಣುತ್ತಾರೆ. ಅವರಲ್ಲಿ ನಮ್ಮ ಕಡೆಯವರೂ ಇರುತ್ತಾರೆ. ಹಾಗೆ ಬಂದವನೇ ರಾಣೆಬೆನ್ನೂರು ಕಡೆಯ ಒಬ್ಬ ಹುಡುಗ. ಎಂ.ಎಸ್ಸಿ. ಓದುತ್ತಿದ್ದಾನೆ. ಭಾನುವಾರ ನಮ್ಮ ಮನೆಗೆ ರೊಟ್ಟಿ ಊಟಕ್ಕೆ ಬರುತ್ತಾನೆ. ಅವನು ಲಿಂಗ ಕಟ್ಟಿಕೊಂಡ ಮನೆಯ ಹುಡುಗ, ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಪಾದ್ರಿಗಳ ಕಾಲದಿಂದ ಚರ್ಚಿಗೆ ಹೋಗುವ ಮನೆ. ಎಣ್ಣೆಗಾಯಿ ಬಡಿಸುವಾಗ ಅದು ಯಾರಿಗೂ ನೆನಪಿಗೆ ಬರುವುದಿಲ್ಲ.

ಈ ಟೋಸ್ಟಿನ ವಿಷಯ ನನಗೆ ಹೇಳಿದವನು ಅವನೇ. 2021ರ ಎರಡನೇ ಅಲೆಯಲ್ಲಿ ಅವನ ಅಪ್ಪ ಹೋದರು. ಆಕ್ಸಿಜನ್ ಇರುವ ಬೆಡ್ ಸಿಗದೆ ಊರೂರು ಸುತ್ತಿದ್ದರಂತೆ. ಅದನ್ನು ಅವನು ಇಲ್ಲಿ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಒಂದು ರಾತ್ರಿ ಹಸಿವೂ ಆಗಿತ್ತು, ನಿದ್ದೆಯೂ ಬಂದಿರಲಿಲ್ಲ. ಆ ನಂಬರಿಗೆ ಬರೆದ: ನಿಮ್ಮ ದೇವರು ಒಳ್ಳೆಯವನಾದರೆ ನನ್ನ ಅಪ್ಪ ಯಾಕೆ ಸತ್ತರು?

ಒಬ್ಬ ಹುಡುಗ, ಒಬ್ಬಳು ಹುಡುಗಿ ಬಂದರು. ಇಬ್ಬರಿಗೂ ಇಪ್ಪತ್ತು ದಾಟಿರಲಿಲ್ಲ.

“ಅವ್ರು ‘ನಮಗ ಗೊತ್ತಿಲ್ಲ’ ಅಂದ್ರು ಕಾಕಾ,” ಅಂದ ನಮ್ಮ ಹುಡುಗ. “ಆದ್ರ ಎದ್ದು ಹೋಗ್ಲಿಲ್ಲ ನೋಡ್ರಿ. ಅಡಿಗಿ ಮನ್ಯಾಗ ಕುಂತ್ರು. ಅಪ್ಪನ ಬಗ್ಗೆ ಕೇಳಿದ್ರು. ಏನ್ ಕೆಲಸಾ ಮಾಡ್ತಿದ್ರು, ಹೆಂಗಿದ್ರು, ಎಲ್ಲಾ.”

ಆ ಹುಡುಗಿ ತನ್ನ ಅಮ್ಮನಿಗೆ ಕ್ಯಾನ್ಸರ್ ಇದ್ದದ್ದನ್ನು ಹೇಳಿದಳಂತೆ. ಯೇಸು ಕೂಡ ಶಿಲುಬೆಯ ಮೇಲೆ ‘ಯಾಕೆ’ ಅಂತಲೇ ಕೂಗಿದ, ನಾನು ನಂಬಿರುವುದು ಅವನನ್ನು ಅಂದಳಂತೆ. ಹೋಗುವಾಗ ಲೂಕನ ಸುವಾರ್ತೆಯ ಒಂದು ಚಿಕ್ಕ ಪುಸ್ತಕ ತೋರಿಸಿ, ಬೇಕಾ ಅಂತ ಕೇಳಿದರು. ಇವನು ತೆಗೆದುಕೊಂಡ. ಓದಿದ್ದಾನೋ ಇಲ್ಲವೋ ನಾನು ಕೇಳಿಲ್ಲ. ಆಮೇಲೆ ಯಾರೂ ಅವನ ಬೆನ್ನು ಹತ್ತಲಿಲ್ಲ. ಇವತ್ತಿಗೂ ಅವನ ಲಿಂಗ ಅವನ ಎದೆಯ ಮೇಲಿದೆ. ಆದರೆ ಅಪ್ಪನ ಬಗ್ಗೆ ಅವನು ನಮ್ಮ ಮುಂದೆ ಬಾಯಿ ಬಿಟ್ಟು ಮಾತಾಡಲು ಶುರು ಮಾಡಿದ್ದು ಆ ರಾತ್ರಿಯ ನಂತರ.

ಕೇಳಿ ಖುಷಿಯಾಯಿತು. ಅದರ ಹಿಂದೆಯೇ ಹೊಟ್ಟೆಯಲ್ಲಿ ಸಂಕಟವೂ ಆಯಿತು. ಯಾಕೆಂದರೆ ನನ್ನ ಅಣ್ಣನ ಮಗಳೂ ಇಂಥದ್ದೇ ಪ್ರಶ್ನೆ ಕೇಳಿದ್ದಳು. ಊರಲ್ಲಿ. ನಮ್ಮವರ ಮಧ್ಯೆಯೇ.

ಅವಳು ಧಾರವಾಡದಲ್ಲಿ ಅಗ್ರಿ ಓದುತ್ತಿದ್ದಾಗ ಜೊತೆಗಾರ ಹುಡುಗನೊಬ್ಬ ಬೈಕ್ ಅಪಘಾತದಲ್ಲಿ ಸಿಕ್ಕಿಬಿದ್ದ. ಎಷ್ಟೋ ದಿನ ಐಸಿಯುದಲ್ಲಿದ್ದ. ಚರ್ಚಿನ ಯುವಜನ ಕೂಟದ ಮಕ್ಕಳೆಲ್ಲ ಸೇರಿ ಸರಪಳಿ ಪ್ರಾರ್ಥನೆ ಮಾಡಿದರು. ಒಬ್ಬರಾದ ಮೇಲೆ ಒಬ್ಬರು, ರಾತ್ರಿ ಹಗಲು. ಹುಡುಗ ಉಳಿಯಲಿಲ್ಲ. ಮುಂದಿನ ಶನಿವಾರ ಯುವಜನ ಕೂಟದಲ್ಲಿ ಇವಳು ಎದ್ದು ನಿಂತು ಕೇಳಿದಳು: ಇಷ್ಟು ಜನ ಪ್ರಾರ್ಥನೆ ಮಾಡಿದರೂ ದೇವರು ಯಾಕೆ ಕೇಳಲಿಲ್ಲ? ಕೂಟ ನಡೆಸುವ ಅಣ್ಣ ಹೇಳಿದ್ದು, ನಿನ್ನ ವಿಶ್ವಾಸ ಕಡಿಮೆಯಾಗಿದೆ, ಮೂರು ದಿನ ಉಪವಾಸ ಮಾಡು. ಪಕ್ಕದಲ್ಲಿದ್ದವರು ಅವಳ ಚೂಡಿದಾರ್ ಹಿಡಿದು ಎಳೆದು ಕೂರಿಸಿದರು. ಮನೆಗೆ ಬಂದರೆ ಅತ್ತಿಗೆಯೂ ಅದನ್ನೇ ಅಂದರು. ಎಲ್ಲರ ಮುಂದೆ ಹಂಗೆಲ್ಲ ಕೇಳತಾರೇನು?

ಆಮೇಲೆ ಅವಳು ಕೂಟಕ್ಕೆ ಹೋಗುವುದು ಬಿಟ್ಟಳು. ಭಾನುವಾರ ಚರ್ಚಿಗೆ ಬರುತ್ತಾಳೆ. ಹಾಡಿನ ಪುಸ್ತಕ ಹಿಡಿದು ನಿಲ್ಲುತ್ತಾಳೆ. ಅಷ್ಟೇ.

ನಮ್ಮ ಊರ ಕಡೆ ವಿದ್ಯಾರ್ಥಿಗಳ ಮೇಲೆ ಪ್ರೀತಿ ಇಲ್ಲ ಅಂತ ಯಾರೂ ಹೇಳಲಾರರು. ಪರೀಕ್ಷೆ ಬಂದರೆ ಹಾಲ್ ಟಿಕೆಟ್ ಇಟ್ಟು ಪ್ರಾರ್ಥನೆ ಮಾಡುತ್ತೇವೆ. ಪಾಸಾದರೆ ಭಾನುವಾರ ಹೆಸರು ಓದುತ್ತೇವೆ. ಬೈಬಲ್ ವಚನ ಬಾಯಿಪಾಠದ ಸ್ಪರ್ಧೆ, ಬೈಬಲ್ ಕ್ವಿಜ್, ಕರೋಲ್, ನಾಟಕ, ಕ್ಯಾಂಪು, ಕ್ಯಾಂಪಿನ ಕೊನೆಯ ದಿನ ಬಿರಿಯಾನಿ. ನಾನೂ ಇದನ್ನೆಲ್ಲ ಉಂಡು ಬೆಳೆದವನು. ಕ್ವಿಜ್‌ನಲ್ಲಿ ಮೆತೂಷೆಲ ಎಷ್ಟು ವರ್ಷ ಬದುಕಿದ ಅಂತ ಕೇಳಿದರೆ 969 ಅಂತ ನಿದ್ದೆಯಲ್ಲೂ ಹೇಳುತ್ತೇನೆ. ಆದರೆ ಆ ಎಲ್ಲ ವರ್ಷಗಳಲ್ಲಿ ಪ್ರಶ್ನೆ ಕೇಳುವವರು ಯಾವಾಗಲೂ ಮುಂದೆ ಮೈಕ್ ಹಿಡಿದವರು. ಉತ್ತರ ಹೇಳುವವರು ಬೆಂಚಿನ ಮೇಲೆ ಕೂತ ನಾವು. ಅದು ತಿರುಗಿದ್ದನ್ನು ನಾನು ನೋಡಿಲ್ಲ.

ಇಲ್ಲಿ ಅದು ತಿರುಗಿದೆ. ಅದು ನಿನ್ನೆ ಮೊನ್ನೆ ತಿರುಗಿದ್ದೂ ಅಲ್ಲ. ಕೇಂಬ್ರಿಜ್‌ನ ಹೋಲಿ ಟ್ರಿನಿಟಿ ಚರ್ಚಿನಲ್ಲಿ 1782ರಿಂದ 1836ರವರೆಗೆ ಚಾರ್ಲ್ಸ್ ಸಿಮಿಯನ್ ಎಂಬ ಪಾದ್ರಿ ಇದ್ದರು. ಶುರುವಿನಲ್ಲಿ ಅಲ್ಲಿನ ಜನಕ್ಕೆ ಅವರು ಬೇಡವಾಗಿದ್ದರು. ಆಗ ಚರ್ಚಿನ ಬೆಂಚುಗಳಿಗೆ ಬಾಗಿಲು ಇರುತ್ತಿದ್ದವು, ಬೇರೆಯವರು ಕೂರದಂತೆ ಅವಕ್ಕೆ ಬೀಗ ಹಾಕಿಕೊಂಡು ಹೋಗುತ್ತಿದ್ದರು. ಆ ಸಿಮಿಯನ್ ಮುಂದೆ ಶುಕ್ರವಾರ ಸಂಜೆ ಕಿಂಗ್ಸ್ ಕಾಲೇಜಿನ ತಮ್ಮ ಕೋಣೆಗೆ ವಿದ್ಯಾರ್ಥಿಗಳನ್ನು ಕರೆಯಲು ಶುರು ಮಾಡಿದರು. ಪ್ರಸಂಗ, ಅಂದರೆ ಚರ್ಚಿನ ಪ್ರವಚನ, ಕೇಳಿಸಲು ಕರೆದದ್ದಲ್ಲ, ಅದು ಭಾನುವಾರ ಇದ್ದೇ ಇತ್ತು. ಹುಡುಗರು ಚಹಾ ಕುಡಿಯುತ್ತ ಪ್ರಶ್ನೆ ಕೇಳಬೇಕು, ಇವರು ಉತ್ತರ ಕೊಡಬೇಕು. ಅವರ ಟೀಪಾಟನ್ನು ಇವತ್ತಿಗೂ ಜೋಪಾನವಾಗಿ ಇಟ್ಟಿದ್ದಾರೆ. ಅವರ ಕೈಕೆಳಗೆ ಕೆಲಸ ಕಲಿತ ಹೆನ್ರಿ ಮಾರ್ಟಿನ್ 1806ರಲ್ಲಿ ಭಾರತಕ್ಕೆ ಬಂದರು. 1877ರಲ್ಲಿ ಅದೇ ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಗಳು ತಮ್ಮದೇ ಕ್ರಿಶ್ಚಿಯನ್ ಯೂನಿಯನ್ ಕಟ್ಟಿಕೊಂಡರು. 1928ರಲ್ಲಿ ಬೇರೆ ಬೇರೆ ಯೂನಿವರ್ಸಿಟಿಗಳ ಇಂಥ ಕೂಟಗಳು ಸೇರಿ ಒಂದು ಒಕ್ಕೂಟವಾಯಿತು. ಅದರ ಈಗಿನ ಹೆಸರು ಯು.ಸಿ.ಸಿ.ಎಫ್.

ಈ ಕೂಟಗಳನ್ನು ನಡೆಸುವವರು ವಿದ್ಯಾರ್ಥಿಗಳೇ. ಯಾವ ಪಾದ್ರಿಯೂ ಅಧ್ಯಕ್ಷ ಅಲ್ಲ. ವರ್ಷಕ್ಕೊಂದು ವಾರ ದಿನಾ ಮಧ್ಯಾಹ್ನ ಉಚಿತ ಊಟ ಇಟ್ಟು ಒಂದು ಭಾಷಣ ಏರ್ಪಡಿಸುತ್ತಾರೆ. ಭಾಷಣ ಚಿಕ್ಕದು. ಅದಾದ ಮೇಲೆ ಪ್ರಶ್ನೆಗಳು. ಮುಖ ತೋರಿಸುವುದು ಬೇಡ ಅನ್ನುವವರು ಫೋನಿನಿಂದ ಕಳಿಸಬಹುದು. ಅಂಥದ್ದೊಂದಕ್ಕೆ ನಾನೂ ಹೋಗಿದ್ದೆ. ನರಕ, ವಿಜ್ಞಾನ, ಸಲಿಂಗಿಗಳು, ಗುಲಾಮರ ವ್ಯಾಪಾರ, ಒಂದೂ ಬಿಡಲಿಲ್ಲ. ಒಬ್ಬ ಕರಿಯ ಹುಡುಗ ಎದ್ದು ನಿಂತು, ನಮ್ಮ ನೆಲಕ್ಕೆ ಬೈಬಲ್ ತಂದವರೇ ನಮ್ಮ ನೆಲವನ್ನು ದೋಚಿದರಲ್ಲ, ಇದಕ್ಕೆ ಏನು ಹೇಳ್ತೀರಿ ಅಂದ. ಭಾಷಣಕಾರರು ಸುತ್ತಿ ಬಳಸಲಿಲ್ಲ. ಹೌದು, ದೋಚಿದರು, ಅದು ಪಾಪ ಅಂದರು. ಆಮೇಲೆ ಏನೇನೋ ವಿವರಿಸಿದರು, ಎಲ್ಲ ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ಆ ಹುಡುಗನನ್ನು ಯಾರೂ ಅಂಗಿ ಹಿಡಿದು ಎಳೆದು ಕೂರಿಸಲಿಲ್ಲ. ಕಾರ್ಯಕ್ರಮ ಮುಗಿದ ಮೇಲೂ ಅವನ ಸುತ್ತ ನಾಲ್ಕು ಜನ ನಿಂತು ಮಾತಾಡುತ್ತಲೇ ಇದ್ದರು.

ಕೂತುಕೋ ಅನ್ನುವ ಹಿರಿಯರು ಈ ದೇಶದಲ್ಲೂ ಇದ್ದರು. ವಿಲಿಯಂ ಕೇರಿ ಇನ್ನೂ ಚಿಕ್ಕ ವಯಸ್ಸಿನ ಪಾದ್ರಿಯಾಗಿದ್ದಾಗ, ಸುವಾರ್ತೆಯನ್ನು ಲೋಕಕ್ಕೆಲ್ಲ ಸಾರಬೇಕು ಎಂಬ ಆಜ್ಞೆ ನಮಗೂ ಅನ್ವಯಿಸುತ್ತದಲ್ಲವೇ ಅಂತ ಪಾದ್ರಿಗಳ ಸಭೆಯಲ್ಲಿ ಕೇಳಿದರಂತೆ. ಒಬ್ಬ ಹಿರಿಯರು, ಕೂತುಕೋ ಹುಡುಗ, ದೇವರಿಗೆ ಬೇಕಾದಾಗ ನಿನ್ನ ಸಹಾಯ ಇಲ್ಲದೆ ಅವನೇ ಮಾಡಿಕೊಳ್ಳುತ್ತಾನೆ ಅಂದರು ಎಂಬ ಕಥೆ ಇದೆ. ಕೇರಿ ಕೂತುಕೊಳ್ಳಲಿಲ್ಲ. 1792ರಲ್ಲಿ ಇದೇ ನಾಟಿಂಗ್‌ಹ್ಯಾಮ್‌ನಲ್ಲಿ ಅವರು ಮಾಡಿದ ಪ್ರಸಂಗದಿಂದ ಬ್ಯಾಪ್ಟಿಸ್ಟ್ ಮಿಶನ್ ಹುಟ್ಟಿತು. ಮರುವರ್ಷ ಬಂಗಾಳಕ್ಕೆ ಹೊರಟರು. 1817ರಲ್ಲಿ ಸೆರಾಂಪುರದಿಂದ ಕನ್ನಡದ ಒಂದು ವ್ಯಾಕರಣವನ್ನೂ ಅವರು ಅಚ್ಚು ಹಾಕಿಸಿದರು. ಒಬ್ಬ ಹುಡುಗನ ಪ್ರಶ್ನೆ ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ನಮ್ಮ ನೆಲದಲ್ಲೇ ಆದದ್ದೂ ಇದೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ನಡೆಸುತ್ತಿದ್ದ ಇಂಗ್ಲಿಷ್ ಶಾಲೆಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಹುಡುಗ ಓದುತ್ತಿದ್ದ. 1844ರಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ. ಆಗ ಊರೇ ಕದಡಿ ಹೋಯಿತು. ಅವನು ಆ ಮಿಶನ್ನಿನ ಪಾದ್ರಿ ಮೊಗ್ಲಿಂಗ್ ಅವರ ಜೊತೆ ಬಾಸೆಲ್‌ಗೆ ಹೋಗಿ ದೇವಶಾಸ್ತ್ರ ಓದಿ, ಪಾದ್ರಿಯಾಗಿ ಮರಳಿ ಬಂದ. ಅಂಥ ಮನೆತನದ ಹುಡುಗ ಒಂದೂ ಪ್ರಶ್ನೆ ಕೇಳದೆ, ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಅಷ್ಟು ದೊಡ್ಡ ಹೆಜ್ಜೆ ಇಟ್ಟಿರುತ್ತಾನೆ ಅಂತ ನಾನು ನಂಬುವುದಿಲ್ಲ. ಮೊಗ್ಲಿಂಗ್ ಅವನಿಗೆ ಉಪವಾಸ ಮಾಡು ಅಂತಷ್ಟೇ ಹೇಳಿ ಕಳಿಸಿದ್ದರೆ ನಮ್ಮ ಸಭೆಯ ಚರಿತ್ರೆಯೇ ಬೇರೆ ಆಗುತ್ತಿತ್ತು, ಅಲ್ವಾ?

ಹಾಗೆ ನೋಡಿದರೆ ಲೂಕನ ಸುವಾರ್ತೆಯ ಎರಡನೇ ಅಧ್ಯಾಯವನ್ನು ನಾವು ರಜೆಯ ಬೈಬಲ್ ಶಾಲೆ ವಿ.ಬಿ.ಎಸ್.ನಲ್ಲಿ ಎಷ್ಟು ಸಲ ಆಡಿಲ್ಲ! ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕೂತು ಅವರ ಮಾತು ಕೇಳುತ್ತಿದ್ದಾನೆ, ಅವರಿಗೆ ಪ್ರಶ್ನೆ ಹಾಕುತ್ತಿದ್ದಾನೆ. ಅಲ್ಲಿ ಯಾವ ಬೋಧಕನೂ ಅವನನ್ನು ಗದರಿಸಲಿಲ್ಲ. ಬೆಡ್‌ಶೀಟ್ ಹೊದ್ದು, ಹತ್ತಿಯ ಗಡ್ಡ ಅಂಟಿಸಿಕೊಂಡು ಆ ಬೋಧಕರ ಪಾತ್ರ ಮಾಡಿದ ನಮ್ಮ ಹುಡುಗರೇ ದೊಡ್ಡವರಾಗಿ ಕೂಟ ನಡೆಸುತ್ತಿದ್ದಾರೆ.

ಇದನ್ನು ಊರಿನ ಗೆಳೆಯರ ಹತ್ತಿರ ಹೇಳಿದರೆ ಎರಡು ಮಾತು ಬರುತ್ತವೆ. ಒಂದು, ನೀನು ಅಲ್ಲಿ ಕೂತು ಮಾತಾಡ್ತೀಯ, ಇಲ್ಲಿ ಬಂದು ಹಾಸ್ಟೆಲ್ ಬಾಗಿಲು ತಟ್ಟಿ ಟೋಸ್ಟ್ ಹಂಚಿ ನೋಡು. ಇದು ನಿಜ. ಕರ್ನಾಟಕದ 2022ರ ಮತಾಂತರ ಕಾಯ್ದೆಯಲ್ಲಿ ಉಡುಗೊರೆ ಕೂಡ ಆಮಿಷದ ಪಟ್ಟಿಯಲ್ಲಿದೆ. 2023ರಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂದಕ್ಕೆ ಪಡೆಯುವ ತೀರ್ಮಾನ ಮಾಡಿತು. ಆದರೂ ಜನರ ಮನಸ್ಸಿನ ಭಯ ಹೋಗಿಲ್ಲ. ರಾತ್ರಿ ಹನ್ನೊಂದಕ್ಕೆ ಲೂಕನ ಸುವಾರ್ತೆ, ಬ್ರೆಡ್ಡು ಹಿಡಿದು ಬೇರೆ ಧರ್ಮದ ಹುಡುಗನ ಬಾಗಿಲು ತಟ್ಟಿದರೆ ಬೆಳಗಾಗುವುದರೊಳಗೆ ಪೊಲೀಸ್ ಸ್ಟೇಷನ್‌ನಲ್ಲಿ ಇರಬೇಕಾಗಬಹುದು. ಇಲ್ಲಿಯ ಮಕ್ಕಳಿಗೆ ಆ ಹೆದರಿಕೆ ಏನೆಂದೇ ಗೊತ್ತಿಲ್ಲ. ನಮ್ಮ ಮಕ್ಕಳಿಗೆ ಅವರಂತೆ ಯಾಕೆ ಮಾಡುವುದಿಲ್ಲ ಅಂತ ಕೇಳುವುದು ಅನ್ಯಾಯ.

ಆದರೆ ನಾನು ಕೇಳುತ್ತಿರುವುದು ಅದಲ್ಲ. ನಮ್ಮ ಹುಡುಗಿ ಬೇರೆ ಧರ್ಮದವಳಲ್ಲ. ನಮ್ಮ ಹಾಲ್‌ನೊಳಗೆ, ನಮ್ಮದೇ ಬೆಂಚಿನ ಮೇಲೆ ಕೂತಿದ್ದಳು. ಅವಳ ಪ್ರಶ್ನೆಯನ್ನು ಐದು ನಿಮಿಷ ಕೇಳಿಸಿಕೊಳ್ಳಲು ಯಾವ ಕಾಯ್ದೆ ಅಡ್ಡ ಬಂದಿತ್ತು?

ಎರಡನೆಯ ಮಾತು, ನಾವು ಕಡಿಮೆ ಜನ, ಇರುವ ನಾಲ್ಕು ಮಕ್ಕಳ ತಲೆಯಲ್ಲಿ ಅನುಮಾನ ತುಂಬಿದರೆ ಅವರೂ ಹೋಗುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಇಲ್ಲಿಯ ಕ್ಯಾಂಪಸ್‌ನಲ್ಲೂ ಕ್ರಿಶ್ಚಿಯನ್ ಯೂನಿಯನ್‌ನವರು ಸಾವಿರಾರು ವಿದ್ಯಾರ್ಥಿಗಳ ನಡುವೆ ಒಂದು ಹಿಡಿ ಜನ. ಸುತ್ತಲಿನವರಿಗೆ ಚರ್ಚ್ ಅಂದರೆ ಅಜ್ಜಿಯ ಕಾಲದ ಸಂಗತಿ. ಅಂಥವರ ನಡುವೆಯೇ ಇವರು ಪ್ರಶ್ನೆ ಕೊಡಿ ಅಂತ ತಾವಾಗಿ ಕೇಳಿಕೊಂಡು ಹೋಗುತ್ತಾರೆ. ಅನುಮಾನವನ್ನು ಯಾರೂ ಹೊರಗಿನಿಂದ ತಂದು ತುಂಬಬೇಕಾಗಿಲ್ಲ. ಕಾಲೇಜಿನ ಲೈಬ್ರರಿಯಲ್ಲಿ, ಫೋನಿನಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಅದು ತಾನೇ ಬರುತ್ತದೆ. ಬಂದದ್ದನ್ನು ನಮ್ಮ ಮುಂದೆ ಹೇಳುತ್ತಾರೋ, ಇನ್ಯಾರ ಮುಂದೋ ಹೇಳುತ್ತಾರೋ, ಅಷ್ಟೇ ವ್ಯತ್ಯಾಸ.

ಇನ್ನು ಇಲ್ಲಿಯ ಕೊರತೆಗಳನ್ನೂ ಹೇಳಬೇಕು. ಮನಸ್ಸಿಲ್ಲದಿದ್ದರೂ ಹೇಳಬೇಕು. 2011ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಾವು ಕ್ರೈಸ್ತರು ಅಂದವರು ಶೇ 59.3. 2021ಕ್ಕೆ ಅದು ಶೇ 46.2 ಆಯಿತು. ಪ್ರಶ್ನೆ ಕೇಳಿ ಕೇಳಿಯೇ ನಿಮ್ಮ ಚರ್ಚ್ ಖಾಲಿಯಾಯಿತು ಅನ್ನುತ್ತಾನೆ ನಮ್ಮಣ್ಣ. ಹಾಗಲ್ಲ ಅಂತ ನನ್ನ ಮನಸ್ಸು ಹೇಳುತ್ತದೆ. ಆದರೆ ಭಾನುವಾರ ನನ್ನ ಬೆಂಚಿನಲ್ಲಿ ನಾವು ಮನೆಯವರು ಬಿಟ್ಟರೆ ಒಬ್ಬ ಮುದುಕರು ಮಾತ್ರ ಇರುವಾಗ ಅಣ್ಣನ ಮಾತು ನೆನಪಿಗೆ ಬರುತ್ತದೆ. ಪ್ರಶ್ನೆಗೆ ಈ ಕ್ರಿಶ್ಚಿಯನ್ ಯೂನಿಯನ್‌ನವರೂ ಒಂದು ಬೇಲಿ ಹಾಕಿದ್ದಾರೆ. ಹೊರಗಿನವರು ಏನು ಬೇಕಾದರೂ ಕೇಳಬಹುದು. ಕಮಿಟಿಗೆ ಸೇರುವವರು ಮಾತ್ರ ನಂಬಿಕೆಯ ಒಂದು ಪಟ್ಟಿಗೆ ಸಹಿ ಹಾಕಬೇಕು. 1910ರಲ್ಲಿ ಕೇಂಬ್ರಿಜ್‌ನ ಕೂಟ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಎಂಬ ಇನ್ನೊಂದು ಕ್ರೈಸ್ತ ವಿದ್ಯಾರ್ಥಿ ಸಂಘಟನೆಯಿಂದ ಹೊರಬಂದಿದ್ದೇ ಇಂಥ ವಿಷಯಕ್ಕೆ, ಯಾವುದನ್ನು ಪ್ರಶ್ನಿಸಬಹುದು, ಯಾವುದನ್ನು ಪ್ರಶ್ನಿಸಬಾರದು ಅಂತ.

ನಮ್ಮಲ್ಲಿ ಎಲ್ಲ ಕಡೆಯೂ ಒಂದೇ ಥರ ಅಂತ ಹೇಳಿದರೂ ತಪ್ಪಾಗುತ್ತದೆ. 1954ರಲ್ಲಿ ಶುರುವಾದ ಯು.ಇ.ಎಸ್.ಐ. ಎಂಬ ಭಾರತದ ಕ್ರೈಸ್ತ ವಿದ್ಯಾರ್ಥಿ ಒಕ್ಕೂಟದ ಚಿಕ್ಕ ಕೂಟಗಳು ನಮ್ಮ ಕಾಲೇಜುಗಳ ಸುತ್ತಮುತ್ತ ಇವೆ. ಐದಾರು ಜನ ಚಾಪೆ ಹಾಸಿಕೊಂಡು ಕೂತು, ಒಂದು ಅಧ್ಯಾಯ ಓದಿ, ಇದು ಏನು ಹೇಳುತ್ತದೆ, ನನಗೇನು ಹೇಳುತ್ತದೆ ಅಂತ ಒಬ್ಬರನ್ನೊಬ್ಬರು ಕೇಳುತ್ತ ಓದುವುದು ಅಲ್ಲಿಯ ಕ್ರಮ. ನಮ್ಮ ಹುಡುಗಿಗೆ ಅಂಥ ಚಾಪೆ ಸಿಕ್ಕಿದ್ದರೆ ಚೆನ್ನಾಗಿರುತ್ತಿತ್ತು.

ಇನ್ನೊಂದು ಮಾತು ಇದೆ. ಅದನ್ನು ಹೇಳಿದವಳು ಆ ಹುಡುಗಿಯೇ. ನಾನು ಫೋನಿನಲ್ಲಿ ಈ ಟೋಸ್ಟಿನ ಕಥೆ ಹೇಳಿ, ನಿಮ್ಮ ಕೂಟದ ಅಣ್ಣನಿಗೆ ಇದನ್ನು ತೋರಿಸಬೇಕು ನೋಡು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಕಾಕಾ, ಅಂವಾ ಸತ್ತಾಗ ಆಸ್ಪತ್ರಿ ಮುಂದ ರಾತ್ರಿಯಿಡೀ ನಿಂತಿದ್ದು ಆ ಅಣ್ಣಾನ. ಪೋಸ್ಟ್‌ಮಾರ್ಟಮ್ ಕಾಗದಾ ಎಲ್ಲಾ ಓಡ್ಯಾಡಿ ಮಾಡಿಸಿದ್ರು. ಪೆಟಗಿಗೆ ಹೆಗಲು ಕೊಟ್ರು. ಅವನ ತಮ್ಮನ ಫೀ ಈಗೂ ಅವರ ಕಟ್ಟತಾರ. ನಿಮ್ಮ ಟೋಸ್ಟಿನವ್ರು ಅಷ್ಟು ಮಾಡ್ತಾರೇನು?”

ಮಾಡುವುದಿಲ್ಲ. ನನಗೆ ಗೊತ್ತು. ರಾಣೆಬೆನ್ನೂರಿನ ಹುಡುಗ ಚಳಿಗಾಲದಲ್ಲಿ ಜ್ವರ ಬಂದು ಮಲಗಿದಾಗ ಆ ಇಬ್ಬರೂ ಪರೀಕ್ಷೆಯಲ್ಲಿ ಮುಳುಗಿದ್ದರು. ಒಂದು ಮೆಸೇಜ್ ಕಳಿಸಿ ಸುಮ್ಮನಾದರು. ಗಂಜಿ ತೆಗೆದುಕೊಂಡು ಹೋದವಳು ನನ್ನ ಹೆಂಡತಿ. ಇಲ್ಲಿಯವರು ಕಿವಿ ಕೊಡುತ್ತಾರೆ, ಅದಕ್ಕೊಂದು ಸಮಯವನ್ನೂ ಇಟ್ಟಿದ್ದಾರೆ. ಹೆಗಲು ಕೊಡುವುದರಲ್ಲಿ ನಮ್ಮವರನ್ನು ಮೀರಿಸುವವರನ್ನು ನಾನು ಈ ದೇಶದಲ್ಲಿ ಕಂಡಿಲ್ಲ.

“ಹಂಗಾದ್ರ ಕೂಟಕ್ಕ ಮತ್ತ ಹೋಗ್ತಿ ಏನವ್ವಾ?” ಅಂದೆ.

“ಇಲ್ಲ ಕಾಕಾ. ಅಲ್ಲಿ ಹೋಗಿ ಏನ್ ಮಾಡ್ಲಿ?”

ಅದಕ್ಕೇ ನಾನು ಊರಿನ ಅಯ್ಯನವರಿಗೆ, ಅಂದರೆ ನಮ್ಮ ಚರ್ಚಿನ ಪಾದ್ರಿಗೆ, ಪತ್ರ ಬರೆದಿದ್ದೇನೆ. ಡಿಸೆಂಬರ್‌ನಲ್ಲಿ ಹಾಸ್ಟೆಲ್ ಮಕ್ಕಳೆಲ್ಲ ಊರಿಗೆ ಬಂದಿರುತ್ತಾರೆ. ಕರೋಲ್ ಪ್ರಾಕ್ಟೀಸ್ ಮುಗಿದ ಮೇಲೆ ಒಂದು ಸಂಜೆ ಹಾಲ್ ಬಿಟ್ಟುಕೊಡಿ. ಭಾಷಣ ಬೇಡ, ಕ್ವಿಜ್ ಬೇಡ. ಮಿರ್ಚಿ, ಚಹಾದ ಖರ್ಚು ನನ್ನದು. ಮಕ್ಕಳು ಹೆಸರು ಬರೆಯದೆ ಪ್ರಶ್ನೆ ಬರೆದು ಡಬ್ಬಿಗೆ ಹಾಕಲಿ. ಉತ್ತರ ಗೊತ್ತಿರುವುದಕ್ಕೆ ಹೇಳೋಣ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನೋಣ. ಕೂಟ ನಡೆಸುವ ಆ ಅಣ್ಣನೂ ಮುಂದೆ ಕೂರಬೇಕು. ಆಸ್ಪತ್ರೆಯ ಬಾಗಿಲಲ್ಲಿ ರಾತ್ರಿಯಿಡೀ ನಿಂತವರಿಗೂ ಒಂದು ಪ್ರಶ್ನೆ ಬಂದಿರುತ್ತದೆ. ಅವರೂ ಅದನ್ನು ಬರೆದು ಹಾಕಲಿ.

ಅಯ್ಯನವರು ಉತ್ತರ ಬರೆದಿದ್ದಾರೆ. ಒಳ್ಳೆಯ ವಿಚಾರ, ಕಮಿಟಿಯ ಮುಂದೆ ಇಡುತ್ತೇನೆ ಅಂದಿದ್ದಾರೆ. ಕಮಿಟಿ ಸೇರುವುದು ಮುಂದಿನ ತಿಂಗಳು. ನಾನು ಟಿಕೆಟ್ ಮಾಡಿಸಿದ್ದೇನೆ.